ಹೆಲ್ಮೆಟ್ ಕಟ್ಟಿಕೊಳ್ಳುವ ಮೊದಲು

ಪುಟ್ಟಾ,

ಶಾಲೆಯ ವಾರ್ಸಿಟಿ ತಂಡದಲ್ಲಿ ನೀನು ಲೈನ್‌ಬ್ಯಾಕರ್ ಆದೆ ಎಂದು ನಿನ್ನಪ್ಪ ಫೋನ್ ಮಾಡಿ ಹಿಗ್ಗಿದ. ಸ್ವಲ್ಪ ಹೊತ್ತಿಗೆ ನಿನ್ನಮ್ಮನ ಫೋನು. ‘ಮಾವ, ನೀವು ಹೇಳಿದ್ರೆ ಕೇಳ್ತಾನೆ, ಹೇಗಾದ್ರೂ ಮಾಡಿ ಬಿಡಿಸಿ’ ಅಂದಳು. ಇಬ್ಬರ ಮಾತನ್ನೂ ನಾನು ನಡೆಸಿಕೊಡುತ್ತಿಲ್ಲ. ಬಿಡು ಎಂದು ಹೇಳಲಾರೆ, ಭಲೇ ಎಂದು ಬೆನ್ನು ತಟ್ಟಿ ಸುಮ್ಮನಾಗಲೂ ಆರೆ. ನಿನ್ನ ಜಾಗದಲ್ಲೇ ನಿಂತು ಆಡಿದ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ನೀವೆಲ್ಲ ಆಟ ನೋಡಲು ಹೋಗುವ ಸಾಂಟಾ ಕ್ಲಾರಾದ ಲೆವೈಸ್ ಸ್ಟೇಡಿಯಂ ತೆರೆದದ್ದು 2014ರಲ್ಲಿ. ಆ ಮೊದಲ ವರ್ಷ ಅಲ್ಲಿ 50ನೇ ನಂಬರಿನ ಅಂಗಿ ತೊಟ್ಟು ಆಡಿದವನು ಅವನು. ಕನ್ನಡ ಓದುವುದು ನಿನಗೆ ನಿಧಾನ ಅಂತ ಗೊತ್ತು. ಅಮ್ಮನ ಕೈಲಿ ಓದಿಸಿಕೋ, ಅವಳ ಕಿವಿಗೂ ಬೀಳಲಿ.

ಕ್ರಿಸ್ ಬೋರ್ಲಂಡ್ 1990ರ ಡಿಸೆಂಬರ್‌ನಲ್ಲಿ ಹುಟ್ಟಿದವನು, ಒಹಾಯೋದ ಕೆಟರಿಂಗ್‌ನವನು. ಮನೆ ತುಂಬ ಮಕ್ಕಳಿದ್ದ ಸಂಸಾರ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಲೇ ಫುಟ್‌ಬಾಲ್ ಆಡಿದ. ಆರಡಿಗೂ ಒಂದಂಗುಲ ಕಡಿಮೆ, ತೋಳುಗಳೂ ಗಿಡ್ಡ. ಆಳು ನೋಡಿ ಅಳತೆ ಹಾಕುವವರಿಗೆ ಹಿಡಿಸದ ಮೈಕಟ್ಟು. ಆದರೂ 2013ರಲ್ಲಿ ಕಾಲೇಜು ತಂಡಗಳ ಬಿಗ್ ಟೆನ್ ಕೂಟದ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡ. ಮರುವರ್ಷ, ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನ ಮೂರನೇ ಸುತ್ತಿನಲ್ಲಿ, 77ನೆಯವನಾಗಿ, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡ ಅವನನ್ನು ಆರಿಸಿಕೊಂಡಿತು. ನಾಲ್ಕು ವರ್ಷದ ಕರಾರು. ಸಹಿ ಹಾಕಿದ್ದಕ್ಕೇ 6 ಲಕ್ಷ 17 ಸಾವಿರ ಡಾಲರ್ ಚಿಲ್ಲರೆ ಬೋನಸ್. ಈ ಬೋನಸ್ಸಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿನ್ನಮ್ಮನಿಗೆ ತಿಳಿಯಲಿ ಅಂತ ಲೈನ್‌ಬ್ಯಾಕರ್ ಕೆಲಸವನ್ನು ಹೇಳಿಬಿಡುತ್ತೇನೆ, ನೀನು ನಗಬೇಡ. ಎದುರಾಳಿಗೆ ಮೈಯೊಡ್ಡಿ ನಿಲ್ಲುವ ದೈತ್ಯರ ಒಂದು ಸಾಲು ಮುಂದೆ ಇರುತ್ತದೆ. ಅದರ ಹಿಂದೆ ನಿಲ್ಲುವವನು ಇವನು. ಚೆಂಡು ಕೈಬಿಟ್ಟ ಕ್ಷಣದಲ್ಲೇ ಆಟ ಯಾವ ಕಡೆ ಹರಿಯುತ್ತದೆ ಎಂದು ಊಹಿಸಿ, ತಡೆಯಲು ಬರುವವರನ್ನು ಸರಿಸಿಕೊಂಡು ನುಗ್ಗಿ, ಚೆಂಡು ಹಿಡಿದವನನ್ನು ಕೆಡವಬೇಕು. ನಮ್ಮ ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಹಿಡಿದ ಹಾಗೆ ಅಂದುಕೊಳ್ಳಬಹುದು. ಆದರೆ ಇಲ್ಲಿ ಇಬ್ಬರೂ ಪೂರಾ ವೇಗದಲ್ಲಿ ಓಡಿಬಂದಿರುತ್ತಾರೆ, ಇಬ್ಬರಿಗೂ ತಲೆ ಮೇಲೆ ಹೆಲ್ಮೆಟ್ ಇದೆ ಎಂಬ ಧೈರ್ಯ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ನಿಜ. ಬುರುಡೆಯೊಳಗೆ ಮೆದುಳು ಹೊಯ್ದಾಡುವುದನ್ನು ತಡೆಯುವ ಹೆಲ್ಮೆಟ್ಟನ್ನು ಇನ್ನೂ ಯಾರೂ ಮಾಡಿಲ್ಲ.

ಆ ವರ್ಷದ ತರಬೇತಿ ಶಿಬಿರ. ಬೋರ್ಲಂಡ್ ಹೊಸ ಹುಡುಗ, ತಂಡದಲ್ಲಿ ಜಾಗ ಗಿಟ್ಟಿಸಬೇಕು. ಅಭ್ಯಾಸದಲ್ಲಿ ತನ್ನದೇ ತಂಡದ ಒಬ್ಬ ಭಾರೀ ಆಳಿಗೆ ಡಿಕ್ಕಿ ಹೊಡೆದಾಗ ತಲೆ ಗುಯ್ಯೆಂದಿತು, ಮಂಕು ಕವಿಯಿತು. ಯಾರಿಗೂ ಹೇಳಲಿಲ್ಲ, ಆಡುತ್ತಲೇ ಹೋದ. ಹೇಳಿದ್ದರೆ ಕೂರಿಸುತ್ತಿದ್ದರು, ಕೂತರೆ ಜಾಗ ಇನ್ನೊಬ್ಬನಿಗೆ. ಪುಟ್ಟಾ, ಈ ಲೆಕ್ಕಾಚಾರ ನಿನ್ನ ತಲೆಯಲ್ಲೂ ಓಡುತ್ತದೆ ಎಂದು ನನಗೆ ಗೊತ್ತು. ಹದಿನಾರರ ವಯಸ್ಸಿಗೆ ಎಲ್ಲರಿಗೂ ಓಡುತ್ತದೆ.

ಆದರೆ ಆ ಹುಡುಗ ಅಷ್ಟಕ್ಕೇ ನಿಲ್ಲಲಿಲ್ಲ, ಅದಕ್ಕೇ ಅವನ ಕಥೆ ಹೇಳುತ್ತಿರುವುದು. ತಾನು ಮಾಡುತ್ತಿರುವುದೇನು, ಇದನ್ನೇ ಹತ್ತು ವರ್ಷ ಮಾಡಿದರೆ ತಾನು ಏನಾಗುತ್ತೇನೆ ಎಂದು ತನ್ನನ್ನೇ ಕೇಳಿಕೊಂಡ. ಓದಲು ಕೂತ. ಓದಲು ಬೇಕಾದಷ್ಟಿತ್ತು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮೈಕ್ ವೆಬ್‌ಸ್ಟರ್ 2002ರಲ್ಲಿ, 50ನೇ ವಯಸ್ಸಿಗೆ, ಬುದ್ಧಿ ಕದಡಿದ ಸ್ಥಿತಿಯಲ್ಲಿ ಸತ್ತ. ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವನ ಮೆದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಟೌ ಎಂಬ ಪ್ರೋಟೀನು ಗಂಟುಗಂಟಾಗಿ ಕಟ್ಟಿಕೊಂಡದ್ದು ಕಂಡಿತು. ಇದಕ್ಕೆ ಸಿಟಿಇ ಎನ್ನುತ್ತಾರೆ. ಅದು ನೆನಪನ್ನು ತಿನ್ನುತ್ತದೆ, ಸಿಟ್ಟಿನ ಮೇಲಿನ ಹಿಡಿತ ತಪ್ಪಿಸುತ್ತದೆ, ಮನಸ್ಸನ್ನು ಕುಗ್ಗಿಸುತ್ತದೆ. ಬದುಕಿರುವವನಿಗೆ ಇದು ಇದೆ ಎಂದು ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ, ಸತ್ತ ಮೇಲೆ ಮೆದುಳನ್ನು ಕೊಯ್ದೇ ನೋಡಬೇಕು. ಇನ್ನೊಂದು ಸಂಗತಿ ಹೆಚ್ಚು ಹೆದರಿಸುವಂಥದ್ದು: ಕಣ್ಣು ಕತ್ತಲೆ ಬರಿಸುವ ದೊಡ್ಡ ಪೆಟ್ಟಿನ ಜೊತೆಗೆ, ಯಾರೂ ಲೆಕ್ಕಕ್ಕೆ ಹಿಡಿಯದ ಸಣ್ಣ ಪೆಟ್ಟುಗಳೂ ವರ್ಷಗಟ್ಟಲೆ ಕೂಡುತ್ತಾ ಹೋಗುತ್ತವೆ.

ಲೈನ್‌ಬ್ಯಾಕರ್‌ಗಳಲ್ಲಿ ಜೂನಿಯರ್ ಸೆಯೌ ಎಂಬ ಹೆಸರು ನೀನು ಕೇಳಿರುತ್ತೀಯ. ಸ್ಯಾನ್ ಡಿಯೇಗೊದವರು ತಲೆ ಮೇಲೆ ಹೊತ್ತು ಕುಣಿದ ಆಟಗಾರ, 20 ಋತು ಆಡಿದವನು. 2012ರ ಮೇ ತಿಂಗಳಲ್ಲಿ, 43ನೇ ವಯಸ್ಸಿನಲ್ಲಿ, ತನ್ನ ಜೀವ ತಾನೇ ತೆಗೆದುಕೊಂಡ. ಮರುವರ್ಷದ ಜನವರಿಯಲ್ಲಿ ವರದಿ ಬಂತು: ಅವನ ಮೆದುಳಿನಲ್ಲೂ ಸಿಟಿಇ. ಬೋಸ್ಟನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎನ್‌ಎಫ್‌ಎಲ್ ಆಡಿದ್ದ 111 ಜನರ ಮೆದುಳುಗಳಿದ್ದವು, 110ರಲ್ಲಿ ಸಿಟಿಇ ಸಿಕ್ಕಿತು. ಆಡಿದವರಿಗೆಲ್ಲ ಹೀಗೇ ಆಗುತ್ತದೆ ಎಂದು ಇದರ ಅರ್ಥವಲ್ಲ. ಏನೋ ಸರಿಯಿಲ್ಲ ಎಂದು ಕಂಡ ಮನೆಯವರೇ ಹೆಚ್ಚಾಗಿ ಮೆದುಳು ದಾನ ಕೊಟ್ಟಿರುತ್ತಾರೆ. ನಿನ್ನಮ್ಮ ಈ ಸಂಖ್ಯೆ ಹಿಡಿದು ನಿನ್ನನ್ನು ಹೆದರಿಸಿದರೆ ಇದನ್ನೂ ಅವಳಿಗೆ ಹೇಳು. ಆದರೆ ‘ನನಗೇನೂ ಆಗಲ್ಲ ತಾತ’ ಅಂತ ನನ್ನ ಹತ್ತಿರ ಹೇಳಬೇಡ.

ಋತು ಶುರುವಾಗುವ ಮೊದಲೇ ಬೋರ್ಲಂಡ್ ಅಪ್ಪ ಅಮ್ಮನಿಗೆ ಕಾಗದ ಬರೆದ. ತನ್ನ ಆಟದ ಬದುಕು ಬಹಳ ದಿನದ್ದಾಗಿರುವುದಿಲ್ಲ ಎಂದು ತಿಳಿಸಿದ. ಬರೆದಿಟ್ಟು ಮೈದಾನಕ್ಕೆ ಇಳಿದ. ತಂಡದ ಹಿರಿಯ ಲೈನ್‌ಬ್ಯಾಕರ್ ಪ್ಯಾಟ್ರಿಕ್ ವಿಲ್ಲಿಸ್ ಗಾಯಗೊಂಡಾಗ ಆ ಜಾಗ ಇವನಿಗೆ ಬಂತು. ಆಡಿದ್ದು 14 ಪಂದ್ಯ, ಕೆಡವಿದ್ದು ನೂರಕ್ಕೂ ಹೆಚ್ಚು ಸಲ. ನವೆಂಬರ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಎದುರಿನ ಒಂದೇ ಪಂದ್ಯದಲ್ಲಿ ಎರಡು ಸಲ ಚೆಂಡು ಕಸಿದ. ಗಿಡ್ಡ ಎಂದವರೆಲ್ಲ ಬಾಯಿ ಮುಚ್ಚಿಕೊಂಡರು.

2015ರ ಮಾರ್ಚ್‌ನಲ್ಲಿ ವಿಲ್ಲಿಸ್, ಕಾಲಿನ ನೋವು ತಾಳಲಾರದೆ, 30ಕ್ಕೇ ಆಟ ಬಿಟ್ಟ. ಇನ್ನೇನು, ಅವನ ಗಾದಿ ಬೋರ್ಲಂಡ್‌ಗೇ ಎಂದು ಎಲ್ಲರೂ ಅಂದುಕೊಂಡರು. ಒಂದು ವಾರವೂ ಕಳೆದಿರಲಿಲ್ಲ, 24ರ ಈ ಹುಡುಗ ತಾನೂ ಬಿಡುತ್ತೇನೆ ಎಂದ! ಮೈಯಲ್ಲಿ ಅವನನ್ನು ಮನೆಗೆ ಕಳಿಸುವಂಥ ಗಾಯ ಇರಲಿಲ್ಲ, ತಂಡ ಹೊರಗೆ ಹಾಕಿರಲಿಲ್ಲ. ವೈದ್ಯರು ಗುರುತಿಸಿದ ಮೆದುಳಿನ ಪೆಟ್ಟು ಅವನಿಗೆ ಅಲ್ಲಿಯತನಕ ಆಗಿದ್ದದ್ದು ಎರಡೇ, ಎರಡೂ ಶಾಲೆಯ ದಿನಗಳಲ್ಲಿ. ಒಂದು ಸಾಕರ್ ಆಡುವಾಗ ಆದದ್ದು. ಏನೂ ಆಗುವ ಮೊದಲೇ ಬಿಡುತ್ತೇನೆ, ಆದ ಮೇಲೆ ಬಿಟ್ಟು ಪ್ರಯೋಜನವಿಲ್ಲ ಎಂಬುದು ಅವನ ನಿಲುವು.

ಸೋತು ಬಿಡುವುದು ಸುಲಭ, ಏಟು ತಿಂದು ಬಿಡುವುದು ಅನಿವಾರ್ಯ. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಎದ್ದು ಹೊರಡುವುದಿದೆಯಲ್ಲ, ಅದಕ್ಕೆ ಬೇಕಾದ ಗಟ್ಟಿತನವನ್ನು ನಾನು ನನ್ನ ವಯಸ್ಸಿನವರಲ್ಲೂ ಅಷ್ಟಾಗಿ ಕಂಡಿಲ್ಲ.

ಈಗ ಬೋನಸ್ಸಿನ ಮಾತು. ನಾಲ್ಕು ವರ್ಷಕ್ಕೆಂದು ಕೊಟ್ಟ ಹಣ, ಆಡಿದ್ದು ಒಂದೇ ವರ್ಷ. ಉಳಿದ ಮುಕ್ಕಾಲು ಪಾಲನ್ನು, ಅಂದರೆ ನಾಲ್ಕೂವರೆ ಲಕ್ಷ ಡಾಲರಿಗೂ ಹೆಚ್ಚು, ಹಿಂದಿರುಗಿಸಲು ಅವನು ಒಪ್ಪಿದ. ಬಿಡುವ ಸ್ವಾತಂತ್ರ್ಯ ಬೇಕಿದ್ದರೆ ಹಿಂದಿರುಗಿಸುವ ಶಕ್ತಿಯೂ ಇರಬೇಕು. ಅವನ ಅನೇಕ ಜೊತೆಗಾರರು ಮೊದಲ ಚೆಕ್ ಬಂದ ಕೂಡಲೇ ಕಾರು, ಬಂಗಲೆ ಅಂತ ಸುರಿದಿರುತ್ತಾರೆ. ಬಿಡಬೇಕು ಅನಿಸಿದರೂ ಸಾಲ ಬಿಡುವುದಿಲ್ಲ. ನಿನಗೆ ಯಾರೂ ಬೋನಸ್ ಕೊಡುತ್ತಿಲ್ಲ ಅನ್ನುವುದು ಗೊತ್ತು. ಆದರೆ ಫುಟ್‌ಬಾಲ್ ಇಲ್ಲದಿದ್ದರೆ ಕಾಲೇಜೇ ಇಲ್ಲ ಎಂಬಂತೆ ಮಾರ್ಕುಗಳನ್ನು ಬಿಟ್ಟು ಕೂತರೆ ಅದೂ ಅದೇ ಥರದ ಸಾಲ.

ಹಿರಿಯರ ಕಿವಿಮಾತಿನ ಬಗ್ಗೆಯೂ ಒಂದು ಮಾತು, ನನ್ನ ಕಾಲಿಗೇ ಕೊಡಲಿಯಾದರೂ ಸರಿ. 2014ರಲ್ಲಿ ಹೊಸ ಆಟಗಾರರಿಗೆಲ್ಲ ಎನ್‌ಎಫ್‌ಎಲ್ ಒಂದು ಶಿಬಿರ ಮಾಡಿತು. ಅಲ್ಲಿ ಮಾತಾಡಲು ಬಂದ ಕ್ರಿಸ್ ಕಾರ್ಟರ್, ಹಾಲ್ ಆಫ್ ಫೇಮ್ ಸೇರಿದ ದೊಡ್ಡ ಆಟಗಾರ, ಹುಡುಗರಿಗೆ ಹೇಳಿದ್ದು ಇಷ್ಟು: ನಿಮ್ಮ ಜೊತೆಗಾರರಲ್ಲಿ ಒಬ್ಬನನ್ನು ಗೊತ್ತು ಮಾಡಿಟ್ಟುಕೊಳ್ಳಿ, ನೀವು ಏನಾದರೂ ಗಲಾಟೆಗೆ ಸಿಕ್ಕಿಹಾಕಿಕೊಂಡರೆ ತಪ್ಪು ತನ್ನದೆಂದು ಅವನು ತಲೆ ಕೊಡಲಿ. ಅದನ್ನು ಕೇಳುತ್ತಾ ಕೂತವರಲ್ಲಿ ಬೋರ್ಲಂಡ್ ಒಬ್ಬ. ಮಾತಾಡಿದವರು ಯಾರೆಂದು ಹೇಳದೆ ಮರುವರ್ಷ ಅವನು ಈ ಸಂಗತಿಯನ್ನು ಪತ್ರಕರ್ತರಿಗೆ ತಿಳಿಸಿದ. ವಿಡಿಯೊ ಹೊರಬಿತ್ತು, ಕಾರ್ಟರ್ ಕ್ಷಮೆ ಕೇಳಿದ. ತಲೆ ನರೆತವರು ಮೈಕು ಹಿಡಿದು ಹೇಳಿದ್ದನ್ನೆಲ್ಲ ಕಣ್ಣಿಗೆ ಒತ್ತಿಕೊಳ್ಳಬೇಡ. ನನ್ನದನ್ನೂ ತೂಗಿ ನೋಡಿಯೇ ತಗೋ.

ಆಟ ಬಿಟ್ಟ ಮೇಲೆ ಬೋರ್ಲಂಡ್ ಯಾರನ್ನೂ ಬಿಡಿ ಬಿಡಿ ಎಂದು ಕಾಡಲಿಲ್ಲ. ಆಡುವುದು ಅವರವರ ಆಯ್ಕೆ, ತಿಳಿದು ಆಡಲಿ ಎಂದಷ್ಟೇ ಅವನ ವಾದ. ಆದರೂ ಒಂದು ಪತ್ರಿಕೆ ಅವನನ್ನು ಫುಟ್‌ಬಾಲಿನ ಅತ್ಯಂತ ಅಪಾಯಕಾರಿ ಮನುಷ್ಯ ಎಂದು ಕರೆಯಿತು! ಮ್ಯಾಡಿಸನ್‌ನಲ್ಲಿ ಹಳೆಯ ಆಟಗಾರರಿಗೆ ಧ್ಯಾನ ಕಲಿಸುವ ಕೆಲಸಕ್ಕೆ ಕೈಹಾಕಿದ. ನಮ್ಮ ಮನೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತ ನನ್ನನ್ನು ನೋಡಿ ನೀನು ನಗುತ್ತಿದ್ದೆಯಲ್ಲ, ಅದೇ.

ಎಲ್ಲರೂ ಒಂದೇ ವರ್ಷಕ್ಕೆ ಬಿಡಬೇಕೆಂದಿಲ್ಲ. ಕೆರೊಲಿನಾ ಪ್ಯಾಂಥರ್ಸ್ ತಂಡದ ಲ್ಯೂಕ್ ಕೀಕ್ಲಿ ಎಂಟು ಋತು ಆಡಿದ. ಸಾಲಾಗಿ ಮೂರು ವರ್ಷ ಮೆದುಳಿಗೆ ಪೆಟ್ಟು ಬಿತ್ತು. 2016ರಲ್ಲಿ ಗಾಡಿಯ ಮೇಲೆ ಕೂರಿಸಿ ಹೊರಗೆ ಒಯ್ಯುವಾಗ ಅವನು ಬಿಕ್ಕಿಬಿಕ್ಕಿ ಅತ್ತದ್ದನ್ನು ದೇಶವೇ ನೋಡಿತು. 2020ರ ಜನವರಿಯಲ್ಲಿ, 28ಕ್ಕೆ, ಅವನೂ ನಿಲ್ಲಿಸಿದ. ಅವನ ಗೆರೆ ಅವನಿಗೆ, ಬೋರ್ಲಂಡ್ ಗೆರೆ ಬೋರ್ಲಂಡ್‌ಗೆ. ನಿನ್ನ ಗೆರೆ ಎಲ್ಲಿ ಅಂತ ನನಗೆ ಗೊತ್ತಿಲ್ಲ, ನೀನೇ ಎಳೆದುಕೊಳ್ಳಬೇಕು. ಆದರೆ ಈಗಲೇ ಎಳೆ, ತಲೆ ತಿಳಿಯಾಗಿರುವಾಗ. ಎಷ್ಟು ಪೆಟ್ಟಿಗೆ, ಯಾವ ಲಕ್ಷಣ ಕಂಡರೆ ನಿಲ್ಲಿಸುತ್ತೇನೆ ಎಂದು ಒಂದು ಹಾಳೆಯಲ್ಲಿ ಬರೆದು ಅಪ್ಪನ ಕೈಗೆ ಕೊಡು, ಹಿಗ್ಗುತ್ತಿರುವವನು ಅವನೇ ತಾನೆ.

ಕ್ಯಾಲಿಫೋರ್ನಿಯಾದ ಕಾನೂನು ನಿನ್ನ ಕಡೆಗಿದೆ. ಮೆದುಳಿಗೆ ಪೆಟ್ಟಾಗಿದೆ ಎಂಬ ಅನುಮಾನ ಬಂದರೆ ಅವತ್ತು ಮತ್ತೆ ಮೈದಾನಕ್ಕಿಳಿಸುವ ಹಾಗಿಲ್ಲ. ಪೆಟ್ಟು ನಿಜವೆಂದಾದರೆ ಕನಿಷ್ಠ 7 ದಿನ ಮೆಟ್ಟಿಲು ಮೆಟ್ಟಿಲಾಗಿ ಮರಳಬೇಕು, ವೈದ್ಯರು ಬರೆದುಕೊಡಬೇಕು. ಮೈಗೆ ಮೈ ತಾಗುವ ಪೂರಾ ಅಭ್ಯಾಸ ವಾರಕ್ಕೆ ಎರಡೇ ಸಲ, ದಿನಕ್ಕೆ 90 ನಿಮಿಷ ಮೀರುವಂತಿಲ್ಲ. ಆದರೆ ತಲೆ ಗುಯ್ಯೆಂದದ್ದನ್ನು ನೀನು ಬಾಯಿಬಿಟ್ಟು ಹೇಳದಿದ್ದರೆ ಕಾನೂನಿಗೆ ಕಣ್ಣಿಲ್ಲ. ಜೊತೆಯ ಹುಡುಗ ಮಂಕಾಗಿ ತಪ್ಪು ಕಡೆ ಓಡುತ್ತಿದ್ದರೆ ಅವನ ಪರವಾಗಿಯೂ ಹೇಳು, ಅವನು ಬೈದುಕೊಂಡರೆ ಬೈದುಕೊಳ್ಳಲಿ.

ಋತುವಿಗೆ ಮುಂಚೆ ಅನೇಕ ಶಾಲೆಗಳಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿ ನೆನಪು, ಚುರುಕುತನ ಅಳೆಯುತ್ತಾರೆ. ಮುಂದೆ ಪೆಟ್ಟಾದಾಗ ಹೋಲಿಸಿ ನೋಡಲು. ಕೆಲವು ಹುಡುಗರು ಬೇಕೆಂದೇ ಆಗ ದಡ್ಡರಂತೆ ಉತ್ತರಿಸುತ್ತಾರೆ. ಪೆಟ್ಟಾದ ಮೇಲೂ ಅಂಕ ಇಳಿದಂತೆ ಕಾಣದೆ ಬೇಗ ಆಟಕ್ಕೆ ಬಿಡುತ್ತಾರೆ ಎಂಬ ಜಾಣತನ. ನೀನು ಹಾಗೆ ಮಾಡಬೇಡ. ಹಿಂದಿನ ರಾತ್ರಿ ಫೋನು ಪಕ್ಕಕ್ಕಿಟ್ಟು ಬೇಗ ಮಲಗು, ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೋಗು, ನಿನಗೆ ಎಷ್ಟು ಬರುತ್ತದೋ ಅಷ್ಟನ್ನೂ ಅಲ್ಲಿ ತೋರಿಸು.

ನಿನ್ನ ತಾತ