ಕ್ರೂಸರ್ ಕೊಳ್ಳಹೊರಟ ಚಿರಂಜೀವಿಗೆ

 

ಮದ್ದೂರು ಬಳಿಯ ಶಿವಪುರದ ಚಿರಂಜೀವಿಯು ಕೊಳ್ಳಬೇಕೆಂದು ಹಟ ಹಿಡಿದಿರುವ ಬಗೆಯ ಮೋಟಾರ್‌ಸೈಕಲ್ಲಿಗೆ ಕ್ರೂಸರ್ ಎಂದು ಹೆಸರು. ಈ ಹೆಸರು ಬೆಲೆಯನ್ನಾಗಲಿ ಎಂಜಿನ್ನಿನ ಸದ್ದನ್ನಾಗಲಿ ಸೂಚಿಸುವುದಿಲ್ಲ. ಸವಾರ ಅದರ ಮೇಲೆ ಕೂರುವ ಭಂಗಿಯನ್ನೂ ಆ ಭಂಗಿಗೆ ಒಪ್ಪುವಂತೆ ಕಟ್ಟಿದ ಚೌಕಟ್ಟನ್ನೂ ಸೂಚಿಸುತ್ತದೆ. ಸೀಟು ತಗ್ಗಿನಲ್ಲಿರುತ್ತದೆ, ಹ್ಯಾಂಡಲ್ ಎತ್ತರವಾಗಿ ಸವಾರನ ಕಡೆಗೆ ಬಾಗಿರುತ್ತದೆ, ಕಾಲಿಡುವ ಫುಟ್‌ರೆಸ್ಟು ಸೊಂಟದ ನೇರಕ್ಕಿರದೆ ಮುಂದಕ್ಕೆ ಸರಿದಿರುತ್ತದೆ, ಮುಂಚಕ್ರವನ್ನು ಹಿಡಿದ ಫೋರ್ಕು ಓರೆಯಾಗಿ ಚಾಚಿಕೊಂಡಿರುವುದರಿಂದ ಎರಡು ಚಕ್ರಗಳ ನಡುವಣ ಅಂತರ, ಅಂದರೆ ವೀಲ್‌ಬೇಸ್, ಸಾಮಾನ್ಯ ಬೈಕಿಗಿಂತ ಹೆಚ್ಚಾಗಿರುತ್ತದೆ. ಹೀರೋ ಸ್ಪ್ಲೆಂಡರಿನಲ್ಲಿ ಈ ಅಂತರ 1,236 ಮಿಲಿಮೀಟರ್, ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರಲ್ಲಿ 1,400, ಬಜಾಜ್ ಅವೆಂಜರ್ 220ರಲ್ಲಿ 1,490. ಅಂತರ ಹೆಚ್ಚಿದಷ್ಟೂ ಬೈಕು ನೇರ ದಾರಿಯಲ್ಲಿ ಅಲುಗದೆ ಓಡುತ್ತದೆ, ಆದರೆ ಇಕ್ಕಟ್ಟಿನಲ್ಲಿ ತಿರುಗಲು ಹೆಚ್ಚು ಜಾಗ ಕೇಳುತ್ತದೆ. ಗಂಟೆಗಟ್ಟಲೆ ತಿರುವೇ ಸಿಗದ ಅಮೆರಿಕದ ಹೆದ್ದಾರಿಗಳಲ್ಲಿ ಬೆಳೆದ ಈ ವಿನ್ಯಾಸವು ಭಾರತದಲ್ಲಿ 2002ರ ಥಂಡರ್‌ಬರ್ಡ್, 2005ರ ಅವೆಂಜರ್ ಮತ್ತು 2020ರ ಮೀಟಿಯರ್‌ಗಳ ಮೂಲಕ ಸಾಧಾರಣ ಸಂಬಳದವರ ಕೈಗೂ ಎಟುಕುವಂತಾಯಿತು. ಮಾರಾಟಗಾರರು ಆರಂಭಿಕ ದರ್ಜೆಯ ಕ್ರೂಸರ್ ಎನ್ನುವುದು ಇಂಥವನ್ನೇ.

ನೇರ ದಾರಿಗೆಂದೇ ಹುಟ್ಟಿದ ವಾಹನವನ್ನು ಕೊಳ್ಳುವ ಮುನ್ನ ಊರಿನ ನೇರ ದಾರಿಯ ಸ್ಥಿತಿಯನ್ನು ವಿಚಾರಿಸುವುದು ಯುಕ್ತ. ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರುಗಳ ಸಂಚಾರವನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ನಿಷೇಧಿಸಿತು. ಗಂಟೆಗೆ 100 ಕಿಲೋಮೀಟರ್ ವೇಗದ ಕಾರುಗಳ ನಡುವೆ ನಿಧಾನದ ವಾಹನಗಳಿರುವುದು ಅಪಾಯಕರ ಎಂಬುದು ಅದಕ್ಕೆ ಕೊಟ್ಟ ಕಾರಣ. 100 ಸಿಸಿಯ ಬೈಕಿಗೂ 350 ಸಿಸಿಯ ಕ್ರೂಸರಿಗೂ ಈ ನಿಯಮ ಭೇದವೆಣಿಸುವುದಿಲ್ಲವಾದ್ದರಿಂದ, ಯಾವ ರಸ್ತೆಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಚಿರಂಜೀವಿಯು ಕ್ರೂಸರಿನ ಕನಸು ಕಾಣುತ್ತಿರಬಹುದೋ ಆ ರಸ್ತೆಯ ಮೇಲೆ ಅದು ಒಂದು ದಿನವೂ ಓಡುವಂತಿಲ್ಲ. ನಿಷೇಧಾಜ್ಞೆ ಶಿವಪುರಕ್ಕೆ ಹೊಸದಲ್ಲ. 1938ರ ಏಪ್ರಿಲ್‌ನಲ್ಲಿ ಸ್ವಾತಂತ್ರ್ಯ ಹೋರಾಟದ ಧ್ವಜ ಹಾರಿಸಕೂಡದೆಂಬ ಆಜ್ಞೆಯನ್ನು ಮುರಿದೇ ಈ ಊರು ಚರಿತ್ರೆಗೆ ಸೇರಿತು, ಸತ್ಯಾಗ್ರಹ ಸೌಧ ಅದಕ್ಕೆ ಸಾಕ್ಷಿಯಾಗಿ ನಿಂತಿದೆ. ಆ ಹೆಮ್ಮೆಯ ಬಲದಲ್ಲಿ ಹೆದ್ದಾರಿಯ ಫಲಕವನ್ನು ದಾಟಿ ನುಗ್ಗಬಹುದೆಂದು ಯಾವ ತರುಣನೂ ಭಾವಿಸಬಾರದು.

ಉಳಿಯುವುದು ಸರ್ವಿಸ್ ರಸ್ತೆ. ಮಂಡ್ಯಕ್ಕೆ ದಿನವೂ ಕೆಲಸಕ್ಕೆ ಹೋಗಿಬರುವವನಿಗೆ ಅದು ಸುಮಾರು 40 ಕಿಲೋಮೀಟರಿನ ನಿತ್ಯದ ಪಾಡು. ಊರೂರಿಗೆ ಹಂಪು, ಅಂಗಡಿಯ ಮುಂದೆ ಅಡ್ಡ ನಿಲ್ಲಿಸಿದ ಗೂಡ್ಸ್ ಆಟೋ, ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಸ್ಕೂಟರು, ಮಳೆ ಬಂದರೆ ಅಂಡರ್‌ಪಾಸಿನಲ್ಲಿ ನಿಂತ ನೀರು ಇವೆಲ್ಲವೂ ಆ ಲೆಕ್ಕಕ್ಕೆ ಸೇರಬೇಕು. ಕ್ರೂಸರಿನ ಭಂಗಿಯ ದೋಷ ಬಯಲಾಗುವುದು ಹಂಪಿನ ಮೇಲೆಯೇ. ಸಾಮಾನ್ಯ ಬೈಕಿನ ಸವಾರನು ಹಂಪು ಕಂಡೊಡನೆ ಫುಟ್‌ರೆಸ್ಟನ್ನು ಒತ್ತಿ, ತನಗೇ ಅರಿವಿಲ್ಲದಂತೆ ಸೀಟಿನಿಂದ ಎರಡು ಬೆರಳಿನಷ್ಟು ಮೇಲೇಳುತ್ತಾನೆ. ಏಟನ್ನು ಮಂಡಿಗಳು ತಿನ್ನುತ್ತವೆ. ಕ್ರೂಸರಿನಲ್ಲಿ ಪಾದಗಳು ಮುಂದಿರುವುದರಿಂದ ಹಾಗೆ ಏಳಲು ಊರುಗೋಲೇ ಸಿಗುವುದಿಲ್ಲ, ಕುರ್ಚಿಯಲ್ಲಿ ಕಾಲು ಚಾಚಿ ಕುಳಿತವನು ಕೈಯೂರದೆ ಏಳಲಾರದ ಹಾಗೆ. ಏಟು ನೇರವಾಗಿ ಬೆನ್ನುಮೂಳೆಯ ಬುಡಕ್ಕೆ ಇಳಿಯುತ್ತದೆ. ಅರ್ಧ ಗಂಟೆಯ ಪ್ರಯಾಣದಲ್ಲಿ ಇದು ಗಮನಕ್ಕೆ ಬಾರದಿರಬಹುದು. ತಿಂಗಳಿಗೆ 26 ದಿನ, ಎರಡು ಹೊತ್ತು ಎಂದಾಗ ಬಂದೇ ಬರುತ್ತದೆ.

ಹಾಗೆಂದು ಈ ವಾಹನದಲ್ಲಿ ಗುಣವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಎಂಜಿನ್ನಿನ ಶಕ್ತಿಯನ್ನು ಅಳೆಯುವ ಅಳತೆಗಳು ಎರಡು: ಎಷ್ಟು ವೇಗವಾಗಿ ಓಡಿಸಬಲ್ಲದು ಎಂಬುದನ್ನು ಅಶ್ವಶಕ್ತಿಯೂ, ಚಕ್ರವನ್ನು ಎಷ್ಟು ಬಲವಾಗಿ ತಿರುಗಿಸಬಲ್ಲದು ಎಂಬುದನ್ನು ಟಾರ್ಕ್ ಎಂಬ ತಿರುಗುಬಲವೂ ತಿಳಿಸುತ್ತವೆ. ಮೀಟಿಯರಿನ ಸಿಲಿಂಡರಿನ ವ್ಯಾಸ 72 ಮಿಲಿಮೀಟರ್, ಅದರೊಳಗೆ ಪಿಸ್ಟನ್ ಏರಿಳಿಯುವ ದೂರ 85.8 ಮಿಲಿಮೀಟರ್, ವ್ಯಾಸಕ್ಕಿಂತ ಏರಿಳಿತ ಹೆಚ್ಚಾದ ಇಂಥ ಎಂಜಿನ್ನನ್ನು ಲಾಂಗ್ ಸ್ಟ್ರೋಕ್ ಎನ್ನುತ್ತಾರೆ, ಅದು ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಬಲ ಕೊಡುತ್ತದೆ. ನಿಮಿಷಕ್ಕೆ 4,000 ಸುತ್ತಿನಲ್ಲೇ ಮೀಟಿಯರಿಗೆ 27 ನ್ಯೂಟನ್ ಮೀಟರ್ ಟಾರ್ಕ್ ಸಿಗುತ್ತದೆ. ಅವೆಂಜರ್ 220 ಸುಮಾರು 17.5 ನ್ಯೂಟನ್ ಮೀಟರ್ ತಲುಪಲು 7,000 ಸುತ್ತು ತಿರುಗಬೇಕು, ಎಂದರೆ ಮೈಕಟ್ಟು ಕ್ರೂಸರಿನದಾದರೂ ಅದರ ಎಂಜಿನ್ನಿನ ಸ್ವಭಾವ ಬೇರೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯಿದೆ. ಕೊಪ್ಪದ ಕಡೆಗೋ ಕೆ.ಎಂ. ದೊಡ್ಡಿಯ ಕಡೆಗೋ ಎರಡು ಟ್ರೇಲರ್ ಕಟ್ಟಿಕೊಂಡು ತೆವಳುವ ಟ್ರ್ಯಾಕ್ಟರಿನ ಹಿಂದೆ ಗೇರು ಬದಲಿಸುವ ಗೋಜಿಲ್ಲದೆ ಸಾವಕಾಶವಾಗಿ ಸಾಗಿ, ಜಾಗ ಸಿಕ್ಕಾಗ ಒಂದೇ ಎಳೆತಕ್ಕೆ ಮುಂದೆ ಹೋಗುವುದು ಲಾಂಗ್ ಸ್ಟ್ರೋಕ್ ಎಂಜಿನ್ನಿಗೆ ಸಲೀಸು. ಆ ಟ್ರೇಲರುಗಳ ಹಿಂದೆ ರಾತ್ರಿ ಹೊತ್ತು ಕೆಂಪು ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಎಷ್ಟೋ ವೇಳೆ ಇರುವುದಿಲ್ಲ, ಚಾಚಿಕೊಂಡ ಕಬ್ಬಿನ ಜಲ್ಲೆ ಹೆಲ್ಮೆಟ್ಟಿನ ಎತ್ತರಕ್ಕೇ ಇರುತ್ತದೆ ಎಂಬುದು ಯಾವ ಬೈಕು ಕೊಂಡರೂ ನೆನಪಿರಬೇಕಾದ ಸಂಗತಿ. ಚಕ್ರ ಸಿಕ್ಕಿಹಾಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಎಂಬ ಬ್ರೇಕಿನ ವ್ಯವಸ್ಥೆ ಮೀಟಿಯರಿನ ಎರಡೂ ಚಕ್ರಗಳಿಗೆ, ಅವೆಂಜರಿನಲ್ಲಿ ಮುಂಚಕ್ರಕ್ಕೆ ಮಾತ್ರ ಇದೆ. ಗದ್ದೆಯ ಕೆಸರು ಮೆತ್ತಿದ ರಸ್ತೆಗಳ ಸೀಮೆಯಲ್ಲಿ ಇದೇನೂ ಸಣ್ಣ ಅಂತರವಲ್ಲ. ತಗ್ಗು ಸೀಟೂ ಒಂದು ಗುಣವೇ: ಸ್ಪ್ಲೆಂಡರಿನ 785 ಮಿಲಿಮೀಟರಿಗೆ ಎದುರಾಗಿ ಮೀಟಿಯರಿನದು 765, ಅವೆಂಜರಿನದು 737 ಇರುವುದರಿಂದ, ಎತ್ತರ ಕಡಿಮೆಯಿರುವ ಗಂಡಾಗಲಿ ಹೆಣ್ಣಾಗಲಿ ಎರಡೂ ಪಾದಗಳನ್ನು ನೆಲಕ್ಕೂರಿ ನಿಲ್ಲಬಹುದು.

ಆದರೆ ನಿಲ್ಲಿಸುವುದು ಬೇರೆ, ತಳ್ಳುವುದು ಬೇರೆ. ಸ್ಪ್ಲೆಂಡರಿನ ತೂಕ ಸುಮಾರು 112 ಕಿಲೋ, ಅವೆಂಜರ್ 220ರದು 163, ಮೀಟಿಯರಿನದು 191. ಓಣಿಯ ಕೊನೆಯ ಮನೆಯವರು ಸಂಜೆ ಬೈಕನ್ನು ಹಿಂದುಹಿಂದಕ್ಕೆ ತಳ್ಳಿ, ಚರಂಡಿಯ ಮೇಲೆ ಹಾಸಿದ ಚಪ್ಪಡಿಯನ್ನು ದಾಟಿಸಿ, ಜಗುಲಿಯ ಪಕ್ಕ ಹಸು ಕಟ್ಟುವ ಜಾಗ ಬಿಟ್ಟು ನಿಲ್ಲಿಸಬೇಕಾದಾಗ ಈ ಅಂಕಿಗಳ ಅರ್ಥ ತೋಳಿಗೆ ತಿಳಿಯುತ್ತದೆ. ರೈತನ ಮನೆಯ ಬೈಕು ಸವಾರಿಗೆ ಮಾತ್ರ ಇರುವುದೂ ಇಲ್ಲ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಮದ್ದೂರಿನಿಂದ ಬೂಸಾ ಮೂಟೆ, ಗದ್ದೆಯಿಂದ ಹಸಿಹುಲ್ಲಿನ ಹೊರೆ ಅದರ ಮೇಲೆಯೇ ಬರಬೇಕು. ಟಿವಿಎಸ್ ಎಕ್ಸ್‌ಎಲ್ ಈ ಸೀಮೆಯ ಮನೆಮನೆಯಲ್ಲಿ ಉಳಿದಿರುವುದು ಅಂದಕ್ಕಾಗಿ ಅಲ್ಲ, ಕಾಲ ಮುಂದಿನ ಚಪ್ಪಟೆ ಜಾಗದಲ್ಲಿ ಮೂಟೆ ನಿಲ್ಲುತ್ತದೆ ಎಂಬ ಕಾರಣಕ್ಕೆ. ಕ್ರೂಸರಿನ ಟ್ಯಾಂಕು ನೀರಿನ ಹನಿಯಂತೆ ಉಬ್ಬಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಅದರ ಮೇಲೆ ಏನನ್ನು ಇಟ್ಟರೂ ಮಡಿಲಿಗೇ ಬಂದು ಬೀಳುತ್ತದೆ. ಮನೆಯಲ್ಲಿ ಎಕ್ಸ್‌ಎಲ್ ಒಂದು ಉಳಿಯುವುದಾದರೆ ಈ ಆಕ್ಷೇಪ ಬಿದ್ದುಹೋಗುತ್ತದೆ; ಅದನ್ನು ಮಾರಿ ಕ್ರೂಸರಿಗೆ ಮುಂಗಡ ಕಟ್ಟುವ ಯೋಚನೆ ಚಿರಂಜೀವಿಗಿದ್ದರೆ ಮನೆಯ ಹೆಂಗಸರನ್ನು ಒಂದು ಮಾತು ಕೇಳುವುದು ಒಳ್ಳೆಯದು. ಸೀರೆಯುಟ್ಟು ಒಂದೇ ಕಡೆಗೆ ಕಾಲಿಳಿಬಿಟ್ಟು ಕೂರುವವರಿಗೆ ಕ್ರೂಸರಿನ ಹಿಂದಿನ ಸೀಟು ಒಗ್ಗುತ್ತದೆಯೇ ಎಂಬುದನ್ನೂ ಅವರೇ ಹೇಳಬೇಕು. ಹಿಂದೆ ಕೂರುವವರಿಗೆ ಹಿಡಿ, ಫುಟ್‌ರೆಸ್ಟು, ಬಟ್ಟೆ ಸಿಲುಕದಂತೆ ಹಿಂಚಕ್ರಕ್ಕೆ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ವಿಧಿಸುತ್ತದೆ. ಅಂದಗೆಡುತ್ತದೆಂದು ಸೀರೆ ಗಾರ್ಡನ್ನು ಬಿಚ್ಚಿಸಿ ಹಾಕುವ ಹುಡುಗರು ತಾಯಿಯನ್ನು ಹಿಂದೆ ಕೂರಿಸಿಕೊಳ್ಳುವುದನ್ನು ಮರೆತಿರುತ್ತಾರೆ.

ಹಣದ ವಿಷಯ. ಅಂಗಡಿಯ ಗೋಡೆಯ ಮೇಲಿನ ಎಕ್ಸ್ ಶೋರೂಮ್ ಬೆಲೆಯು ತೆರಿಗೆ ಮತ್ತು ವಿಮೆ ಸೇರುವ ಮುಂಚಿನ ಬೆಲೆ. ಕರ್ನಾಟಕದಲ್ಲಿ 1 ಲಕ್ಷ ರೂಪಾಯಿ ಮೀರಿದ ಬೈಕಿಗೆ ಜೀವಾವಧಿ ತೆರಿಗೆ ಶೇಕಡಾ 18, 50 ಸಾವಿರದಿಂದ 1 ಲಕ್ಷದವರೆಗಿನದಕ್ಕೆ ಶೇಕಡಾ 12; ಆದ್ದರಿಂದ 2 ಲಕ್ಷದ ಕ್ರೂಸರಿಗೆ 36,000 ರೂಪಾಯಿ ತೆರಿಗೆ ಬಿದ್ದರೆ 75,000ದ ಬೈಕಿಗೆ ಬೀಳುವುದು 9,000. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ಎದುರಿನವರಿಗೆ ಆದ ಹಾನಿಯನ್ನು ತುಂಬುವ ವಿಮೆ, 2018ರಿಂದ ಕಡ್ಡಾಯ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡವಕ್ಕೆ ಶೇಕಡಾ 40 ಆಗಿದೆ. 349 ಸಿಸಿಯ ಮೀಟಿಯರ್ ಗೆರೆಯ ಈಚೆಗೆ ಉಳಿದು ಅಗ್ಗವಾಯಿತು. ಅಗ್ಗವಾದದ್ದೇ ಕೊಳ್ಳಲು ಕಾರಣವಾಗಬಾರದು, ಏಕೆಂದರೆ ಸಾಲ ಅಗ್ಗವಾಗಿಲ್ಲ.

ಸಾಲದ ಬಡ್ಡಿಯಲ್ಲಿ ಎರಡು ಬಗೆ. ತೀರಿಸಿದಂತೆಲ್ಲ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವುದು ಇಳಿಕೆ ಬಡ್ಡಿ. ಕೊನೆಯ ಕಂತಿನವರೆಗೂ ಮೊದಲಿನ ಅಸಲಿಗೇ ಬಡ್ಡಿ ಹಾಕುವುದು ಫ್ಲಾಟ್ ಬಡ್ಡಿ. ಶೋರೂಮಿನ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂತವರು ಶೇಕಡಾ 10 ಎಂದರೆ ಯಾವ 10 ಎಂದು ಕೇಳಬೇಕು. 2 ಲಕ್ಷಕ್ಕೆ ಮೂರು ವರ್ಷ, ಫ್ಲಾಟ್ ಶೇಕಡಾ 10 ಎಂದರೆ ಬಡ್ಡಿ 60,000, ತಿಂಗಳ ಕಂತು ಸುಮಾರು 7,222. ಇಳಿಕೆಯ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಶೇಕಡಾ 18ಕ್ಕೆ ಸಮ. ಕಂತು ತಿಂಗಳು ತಿಂಗಳು ಬರುತ್ತದೆ, ಕಬ್ಬಿನ ಬಿಲ್ಲು ಹಾಗೆ ಬರುವುದಿಲ್ಲ. ಡೇರಿಯ ಬಟವಾಡೆಯನ್ನು ನಂಬಿ ಕಂತಿಗೆ ಒಪ್ಪಿದರೆ ಹಸು ಬತ್ತುವ ತಿಂಗಳುಗಳಿಗೆ ದಾರಿ ಹುಡುಕಿಟ್ಟುಕೊಂಡಿರಬೇಕು. ಪೆಟ್ರೋಲು ಬೇರೆ: ದಿನಕ್ಕೆ 40 ಕಿಲೋಮೀಟರಿನಂತೆ 26 ದಿನ ಓಡಿಸಿದರೆ, ಲೀಟರಿಗೆ 35 ಕಿಲೋಮೀಟರ್ ಕೊಡುವ ಕ್ರೂಸರಿಗೆ 30 ಲೀಟರ್, 60 ಕೊಡುವ ಸಣ್ಣ ಬೈಕಿಗೆ 17 ಲೀಟರ್ ಸಾಕು.

ರಿಪೇರಿಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ತಯಾರಾದ ಕಾಲದಲ್ಲಿ, ಕಿಕ್ಕರೂ ಗೇರೂ ಒಂದೇ ಸನ್ನೆಯಲ್ಲಿದ್ದ ಆ ಬೈಕನ್ನು ಬಿಚ್ಚಿ ಕಟ್ಟಬಲ್ಲವರು ಸುತ್ತಲ ಊರುಗಳಲ್ಲಿ ಸಿಗುತ್ತಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಅವು ಓಡುತ್ತಲೇ ಇದ್ದದ್ದು ಅಂಥವರ ಕೈಗುಣದಿಂದ. ಈಗಿನ ಇಂಧನ ಇಂಜೆಕ್ಷನ್ನಿನ ಎಂಜಿನ್ನುಗಳಲ್ಲಿ ಪೆಟ್ರೋಲನ್ನು ಅಳೆದು ಸಿಂಪಡಿಸುವ ಕೆಲಸ ಕಂಪ್ಯೂಟರಿನದು, ದೋಷ ಹುಡುಕಲೂ ಯಂತ್ರ ಬೇಕು. ಸರ್ವಿಸ್ ಸೆಂಟರ್ ಎಷ್ಟು ದೂರದಲ್ಲಿದೆ, ಬೈಕನ್ನು ಅಲ್ಲಿ ಬಿಟ್ಟು ಹಿಂದಿರುಗಲು ಬಸ್ಸಿದೆಯೇ ಎಂದು ಮೊದಲೇ ನೋಡಿಕೊಂಡರಾಯಿತು.

ಪತ್ರ ಬರೆದವರ ಅಭಿಪ್ರಾಯವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಂಡ್ಯದ ಕೆಲಸಕ್ಕೆ ದಿನವೂ ಓಡಿಸಲು ಒಂದೇ ಬೈಕು ಎಂದಾದರೆ ಕ್ರೂಸರ್ ಬೇಡ, 125 ಸಿಸಿಯ ಸಾಮಾನ್ಯ ಬೈಕು ಸಾಕು. ಮನೆಯಲ್ಲಿ ಎಕ್ಸ್‌ಎಲ್ ಉಳಿದು, ಕೆಲಸಕ್ಕೆ ರೈಲೋ ಬಸ್ಸೋ ಆಗಿ, ಸಾಲ ಬೆಲೆಯ ಅರ್ಧವನ್ನು ಮೀರದಿದ್ದರೆ ಕೊಳ್ಳಲು ಅಡ್ಡಿಯಿಲ್ಲ. ದುಡಿಯುವ ವಯಸ್ಸಿನ ಆಸೆಗೆ ಲೆಕ್ಕಪತ್ರವೊಂದೇ ಉತ್ತರವಾಗಲಾರದು. ಬೈಕುಗಳಿಗೆ ಮುಚ್ಚದ ದೂರದ ದಾರಿಗಳೂ ಈ ಸೀಮೆಗೆ ಇವೆ. ಮಳವಳ್ಳಿಗೆ ಹೋಗಿ ಅಲ್ಲಿಂದ 948ನೆಯ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಕೊಳ್ಳೇಗಾಲ, ಆಚೆಗೆ ಹನೂರು ದಾಟಿ ಮಾದಪ್ಪನ ಬೆಟ್ಟ. ಬೆಟ್ಟದ ತಿರುವುಗಳಲ್ಲಿ ಉದ್ದ ವೀಲ್‌ಬೇಸು ತನ್ನ ಸುಂಕ ವಸೂಲಿ ಮಾಡಿದರೂ, ಕೊಳ್ಳೇಗಾಲದವರೆಗಿನ ದಾರಿಯಲ್ಲಿ ಚಿರಂಜೀವಿಗೆ ಕ್ರೂಸರಿನ ಸುಖ ಏನೆಂದು ಗೊತ್ತಾಗುತ್ತದೆ.

ಗೊತ್ತಾಗಲು ಕೊಂಡೇ ನೋಡಬೇಕೆಂದಿಲ್ಲ. ಮೈಸೂರಿನಲ್ಲಿ ಬೈಕು ಬಾಡಿಗೆಗೆ ಸಿಗುತ್ತದೆ. ಶನಿವಾರ ಅದನ್ನು ತಂದು, ಕಚೇರಿಗೆ ಹೋಗುವ ಹೊತ್ತಿನಲ್ಲಿ ಸರ್ವಿಸ್ ರಸ್ತೆಯಲ್ಲೇ ಮಂಡ್ಯಕ್ಕೆ ಹೋಗಿ ಬಂದು, ತಾಯಿಯನ್ನು ಹಿಂದೆ ಕೂರಿಸಿಕೊಂಡು ಮದ್ದೂರಿನ ಪೇಟೆಯ ಕೆಲಸ ಮುಗಿಸಿ, ಸಂಜೆ ಚಪ್ಪಡಿ ದಾಟಿಸಿ ಜಗುಲಿಯ ಪಕ್ಕ ನಿಲ್ಲಿಸಲಿ. ಭಾನುವಾರ ಹಗಲಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿಬರಲಿ. ಬಾಡಿಗೆ ಬೈಕಿನ ನಂಬರ್ ಪ್ಲೇಟು ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರದ್ದೇ ಆಗಿರಬೇಕು. ಬಿಳಿ ಹಲಗೆಯ ಖಾಸಗಿ ಬೈಕನ್ನು ಬಾಡಿಗೆಗೆ ಪಡೆದು ಬಿದ್ದರೆ ವಿಮೆಯವರು ಕೈಯೆತ್ತಿಬಿಡುತ್ತಾರೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕಾದ್ದರಿಂದ ಎರಡನೆಯದನ್ನು ಅಲ್ಲಿಯೇ ಕೇಳಿ ಪಡೆಯತಕ್ಕದ್ದು.