4,500 ವರ್ಷ ಹಳೆಯ ನಾಯಿಯ ಮಲ

ತಲೆಬರಹ ನೋಡಿ ಮೂಗು ಮುಚ್ಕೋಬೇಡಿ. ಮೊದಲು ನಾನೂ ನಕ್ಕಿದ್ದೆ.

ಇಂಗ್ಲೆಂಡಿನಲ್ಲಿ ಸ್ಟೋನ್‌ಹೆಂಜ್ ಎಂಬಲ್ಲಿ ದೊಡ್ಡ ದೊಡ್ಡ ಕಲ್ಲುಗಳನ್ನು ವೃತ್ತಾಕಾರವಾಗಿ ನಿಲ್ಲಿಸಿದ್ದಾರೆ. ಅದನ್ನು ಕಟ್ಟಿದವರು ಸುಮಾರು 3 ಕಿ.ಮೀ. ದೂರದ ಡರಿಂಗ್ಟನ್ ವಾಲ್ಸ್ ಎಂಬಲ್ಲಿ ಇದ್ದರಂತೆ. ಅಲ್ಲಿನ ತಿಪ್ಪೆಯಲ್ಲಿ ಗಟ್ಟಿಯಾಗಿ ಉಳಿದಿದ್ದ ಮಲದ 19 ತುಂಡುಗಳನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪಿಯರ್ಸ್ ಮಿಚೆಲ್ ಮತ್ತು ಸಂಗಡಿಗರು ಪರೀಕ್ಷಿಸಿ 2022ರಲ್ಲಿ ವರದಿ ಪ್ರಕಟಿಸಿದರು.

ಹೊಟ್ಟೆಹುಳ ಸತ್ತರೆ ಕೊಳೆತು ಹೋಗುತ್ತೆ. ಆದರೆ ಅದರ ಮೊಟ್ಟೆಯ ಸಿಪ್ಪೆ ಬಲು ಗಟ್ಟಿ, ಸಾವಿರಾರು ವರ್ಷ ಉಳಿಯುತ್ತೆ. ಮಲದ ಚೂರನ್ನು ದ್ರಾವಣದಲ್ಲಿ ನೆನೆಸಿ, ಅತಿ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೊಟ್ಟೆಯ ಆಕಾರ, ಅಳತೆಯಿಂದ ಹುಳದ ಜಾತಿ ಗೊತ್ತಾಗುತ್ತೆ. ಮಲ ಮನುಷ್ಯನದೋ ನಾಯಿಯದೋ ಅನ್ನೋದನ್ನು ಅದರೊಳಗಿನ ಕೊಬ್ಬು, ಪಿತ್ತರಸದ ಅಂಶದಿಂದ ತಿಳಿಯುತ್ತಾರೆ.

5 ತುಂಡುಗಳಲ್ಲಿ ಮೊಟ್ಟೆ ಸಿಕ್ಕವು. 4 ನಾಯಿಯವು, 1 ಮನುಷ್ಯನದು. ಆ ಮನುಷ್ಯನದರಲ್ಲೂ 3 ನಾಯಿಯವುಗಳಲ್ಲೂ ನಿಂಬೆಹಣ್ಣಿನ ಆಕಾರದ ಒಂದೇ ಬಗೆಯ ಮೊಟ್ಟೆ! ಹಾಗಂತ ಆ ಮನುಷ್ಯನ ಹೊಟ್ಟೆಯಲ್ಲಿ ಹುಳ ಇತ್ತು ಅಂತಲ್ಲ. ಹುಳ ಇದ್ದದ್ದು ಬಹುಶಃ ದನಕ್ಕೆ. ಅದರ ಲಿವರನ್ನೋ ಶ್ವಾಸಕೋಶವನ್ನೋ ಸರಿಯಾಗಿ ಬೇಯಿಸದೆ ತಿಂದಿದ್ದಾರೆ, ಮೊಟ್ಟೆ ಹಾಗೇ ಹೊರಗೆ ಬಂದಿದೆ. ಮಿಕ್ಕಿದ್ದನ್ನು ನಾಯಿಗೆ ಹಾಕಿದ್ದಾರೆ.

ನನಗೆ ಬಹಳ ಹಿಡಿಸಿದ್ದು ಐದನೆಯ ತುಂಡು. ಅದೂ ನಾಯಿಯದೇ. ಅದರಲ್ಲಿದ್ದದ್ದು ಮೀನಿನಿಂದ ಬರುವ ಲಾಡಿಹುಳದ ಮೊಟ್ಟೆ. ಆದರೆ ಆ ಊರಲ್ಲಿ ಮೀನು ತಿಂದ ಗುರುತು ಅಷ್ಟಾಗಿ ಸಿಕ್ಕಿಲ್ಲ. ಹಾಗಾದರೆ ಆ ನಾಯಿ ಬೇರೆ ಎಲ್ಲೋ ಹಸಿ ಮೀನು ತಿಂದು, ಆಮೇಲೆ ತನ್ನವರ ಹಿಂದೆ ಅಲ್ಲಿಗೆ ಬಂದಿರಬೇಕು.