ಐದು ವರ್ಷ ಬೇಗ ಬರುತ್ತೆ ಕಣವ್ವ

ಮಗಳೇ, ಮೊನ್ನೆ ವಿ.ಸಿ. ಫಾರಂ ಗೇಟಿನ ಹತ್ತಿರ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ಸಿಗೆ ನಿಂತಿದ್ದಾಗ ನೀನು ಕೇಳಿದ ಮಾತು ಇನ್ನೂ ನನ್ನ ಮನಸ್ಸಿನಲ್ಲೇ ಇದೆ. "ಅತ್ತೆ, ನರ್ಸಿಂಗ್ ರಿಜಿಸ್ಟ್ರೇಷನ್ ರಿನ್ಯೂವಲ್ ಹತ್ತಿರ ಬಂತು. ಈಗ ಹೆಂಗೂ ಕೆಲಸಕ್ಕೆ ಹೋಗ್ತಿಲ್ಲ, ಸುಮ್ಮನೆ ಯಾಕೆ ಮಾಡಿಸೋದು?" ಅಂದೆ. ಬಸ್ಸು ಬಂತು, ನೀನು ಹತ್ತಿದೆ. ರಸ್ತೆಯಲ್ಲಿ ನಿಂತು ಹೇಳಿ ಮುಗಿಸುವ ಮಾತೂ ಅದಾಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾಡಿಸು. ಕೆಲಸ ಬಿಟ್ಟಿರುವವಳು ಅಂತಲೇ ಮಾಡಿಸು. ಆಸ್ಪತ್ರೆಯಲ್ಲಿ ಇರುವವರಿಗೆ ನೆನಪಿಸಲು ಮೇಟ್ರನ್ ಇರುತ್ತಾರೆ, ಎಚ್.ಆರ್.ನವರು ಇರುತ್ತಾರೆ. ಮನೆಯಲ್ಲಿರುವವಳಿಗೆ ಯಾರೂ ನೆನಪಿಸುವುದಿಲ್ಲ. ಆಲೆಮನೆಗೆ ಕಬ್ಬು ಹೊಡೆದು ಬಂದ ದುಡ್ಡಿನಲ್ಲಿ ನಿಮ್ಮಪ್ಪ ನಿನ್ನ ಮೂರು ವರ್ಷದ ಜಿ.ಎನ್.ಎಂ. ನರ್ಸಿಂಗ್ ಫೀಸು ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡವಳು. ಒಂದು ಅರ್ಜಿ ಹಾಕದ್ದಕ್ಕೆ ಆ ಮೂರು ವರ್ಷ ಪೆಟ್ಟಿಗೆಯ ತಳ ಸೇರುವುದನ್ನು ನಾನು ಸಹಿಸಲಾರೆ. ಮಗು ಶಾಲೆಗೆ ಸೇರುವ ಹೊತ್ತಿಗೆ ನಿನಗೇ ಮತ್ತೆ ವಾರ್ಡಿನ ಕಡೆ ಮನಸ್ಸಾಗುತ್ತೆ. ಆಗ ಬಾಗಿಲು ತೆರೆದಿರಬೇಕು.

ನಿಯಮ ಕಷ್ಟದ್ದೇನಲ್ಲ. 1961ರ ನರ್ಸ್‌ಗಳ ಕಾಯಿದೆಯ ಪ್ರಕಾರ ನಮ್ಮ ಕರ್ನಾಟಕದ ಶುಶ್ರೂಷಾ ಪರಿಷತ್ತು ನಿನ್ನ ಹೆಸರನ್ನು ಪಟ್ಟಿಯಲ್ಲಿ ಇಟ್ಟಿದೆ. ಭಾರತೀಯ ಶುಶ್ರೂಷಾ ಪರಿಷತ್ತು ಹಾಕಿಕೊಟ್ಟ ರೀತಿಯಲ್ಲಿ ಐದು ವರ್ಷಕ್ಕೊಮ್ಮೆ ಆ ನೋಂದಣಿಯನ್ನು ನವೀಕರಿಸಬೇಕು. ಆ ಐದು ವರ್ಷದೊಳಗೆ 150 ಗಂಟೆ ನಿರಂತರ ಶುಶ್ರೂಷಾ ಶಿಕ್ಷಣ, ಅಂದರೆ ನೀವೆಲ್ಲ ಸಿ.ಎನ್.ಇ. ಅನ್ನುತ್ತೀರಲ್ಲ ಅದು, ಆಗಿರಬೇಕು. ವರ್ಷಕ್ಕೆ 30 ಗಂಟೆ. ಎರಡು ತಿಂಗಳಿಗೊಂದು ಇಡೀ ದಿನದ ತರಗತಿ ಅಂತ ಇಟ್ಟುಕೊಂಡರೆ ಸಲೀಸಾಗಿ ಮುಗಿಯುತ್ತೆ. ನಾಲ್ಕು ವರ್ಷ ಸುಮ್ಮನಿದ್ದು ಕೊನೆಯ ಮೂರು ತಿಂಗಳಲ್ಲಿ 150 ಗಂಟೆ ಹುಡುಕುತ್ತಾ ಓಡಿದರೆ ಮಾತ್ರ ಅದು ಬೆಟ್ಟ. ನಮ್ಮ ನಾಲೆಯಲ್ಲಿ ಕಟ್ಟು ನೀರು ಯಾವಾಗ ಬಿಡುತ್ತಾರೆ ಅಂತ ಮೊದಲೇ ತಿಳಿಸುತ್ತಾರೆ. ನೀರು ಬಂದ ದಿನ ಗುದ್ದಲಿ ಹುಡುಕುವವನ ಗದ್ದೆಗೆ ನೀರು ಹತ್ತುತ್ತಾ, ನೀನೇ ಹೇಳು.

ಈ 150 ಗಂಟೆ ಯಾಕೆ ಅಂತ ನನ್ನ ಅನುಭವದಿಂದಲೇ ಹೇಳುತ್ತೇನೆ. ನಾವು ನರ್ಸಿಂಗ್ ಕಲಿತ ಕಾಲದಲ್ಲಿ ಗಾಜಿನ ಸಿರಿಂಜನ್ನು ನೀರಿನಲ್ಲಿ ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದೆವು. ಆಮೇಲೆ ಒಮ್ಮೆ ಬಳಸಿದರೆ ತಾನೇ ಲಾಕ್ ಆಗುವ ಸಿರಿಂಜು ಲಸಿಕೆ ಕಾರ್ಯಕ್ರಮಕ್ಕೆ ಬಂತು. ಸೂಜಿಗೆ ಮತ್ತೆ ಮುಚ್ಚಳ ಹಾಕಿಡುವುದು ನಾವು ಕಲಿತ ಅಚ್ಚುಕಟ್ಟುತನ. ಈಗ ಹಾಗೆ ಮಾಡಕೂಡದು, ಚುಚ್ಚಿಕೊಳ್ಳುವುದೇ ಆ ಹೊತ್ತಿನಲ್ಲಿ. ಹೆರಿಗೆ ಕೋಣೆಯಲ್ಲಿ ಮಗು ಹೊರಗೆ ಬಂದ ತಕ್ಷಣ ಹೊಕ್ಕಳಬಳ್ಳಿ ಕತ್ತರಿಸುವುದೇ ಚುರುಕುತನ ಅಂತ ನಮಗೆ ಹೇಳಿಕೊಟ್ಟಿದ್ದರು. ನಾನು ಎಷ್ಟೋ ವರ್ಷ ಹಾಗೇ ಮಾಡಿದೆ. ಅಳುವ, ಗಟ್ಟಿಯಾಗಿರುವ ಮಗುವಾದರೆ ಒಂದರಿಂದ ಮೂರು ನಿಮಿಷ ಕಾಯಿರಿ ಅಂತ ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಆ ಹೊತ್ತಿನಲ್ಲಿ ಮಾಸಿನಲ್ಲಿದ್ದ ರಕ್ತ ಮಗುವಿಗೆ ಇಳಿಯುತ್ತೆ, ಮುಂದಿನ ತಿಂಗಳುಗಳಿಗೆ ಕಬ್ಬಿಣದ ಅಂಶ ಕೂಡಿಕೊಳ್ಳುತ್ತೆ. ರಕ್ತಹೀನತೆ ಇರುವ ಬಸುರಿಯರನ್ನು ದಿನವೂ ನೋಡುವ ನಮ್ಮಂಥ ಕಡೆ ಆ ಎರಡು ನಿಮಿಷದ ಬೆಲೆ ಎಷ್ಟು! ಹುಟ್ಟಿದ ಮಗುವಿಗೆ ಬಿಸಿಬಿಸಿ ನೀರಿನಲ್ಲಿ ಸ್ನಾನ ಮಾಡಿಸಿ ಬಟ್ಟೆ ಸುತ್ತಿ ಕೊಡುತ್ತಿದ್ದೆವಲ್ಲ, ಅದನ್ನೂ 24 ಗಂಟೆಯಾದರೂ ತಡೆಯಿರಿ ಅನ್ನುತ್ತಾರೆ ಈಗ.

ನನಗೆ ನಿಜವಾಗಿ ಎದೆ ಝಲ್ ಅಂದದ್ದು ಮಾತ್ರ ಒಂದು ಸಿ.ಪಿ.ಆರ್. ತರಬೇತಿಯಲ್ಲಿ. ಬೊಂಬೆಯ ಎದೆ ಮೇಲೆ ಕೈಯಿಟ್ಟು, ನಮಗೆ ಕಲಿಸಿದಂತೆ ಹದಿನೈದು ಸಲ ಒತ್ತಿ ಎರಡು ಸಲ ಉಸಿರು ಕೊಟ್ಟೆ. ನನ್ನ ಮಗಳ ವಯಸ್ಸಿನ ಹುಡುಗಿ ನಯವಾಗಿ ತಿದ್ದಿದಳು. ಮೂವತ್ತು ಒತ್ತಬೇಕು, ಎರಡು ಉಸಿರು, ಅದು 2005ರಲ್ಲೇ ಬದಲಾಗಿದೆ ಮೇಡಂ ಅಂದಳು. ಮೊದಲು ಉಸಿರಿನ ದಾರಿ ನೋಡುವುದಲ್ಲ, ಮೊದಲು ಎದೆ ಒತ್ತುವುದು, ಅದು 2010ರಿಂದ. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ ಐದು ಸೆಂಟಿಮೀಟರಾದರೂ ಇಳಿಯಬೇಕು, ಆರು ದಾಟಬಾರದು. ಆ ರಾತ್ರಿ ನಿದ್ದೆ ಬರಲಿಲ್ಲ. ನಡುವಿನ ವರ್ಷಗಳಲ್ಲಿ ನಾನು ಎದೆ ಒತ್ತಿದ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ನಾನು ಸೋಮಾರಿಯಾಗಿರಲಿಲ್ಲ, ಕೈಯೂ ನಡುಗುತ್ತಿರಲಿಲ್ಲ. ತಿಳಿದದ್ದನ್ನೇ ಸರಿಯಾಗಿ ಮಾಡುತ್ತಿದ್ದೆ. ಆದರೆ ನಾನು ತಿಳಿದುಕೊಂಡಿದ್ದೇ ಹಳೆಯದಾಗಿತ್ತು.

ನೀನು ವಿ.ಸಿ. ಫಾರಂ ಹುಡುಗಿ, ನಿನಗೆ ಇದು ಬೇಗ ಅರ್ಥವಾಗಬೇಕು. 1931ರಿಂದ ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತಿರುವುದೂ ಹಳೆಯದನ್ನು ಹೊಸದಾಗಿಸುವ ಇದೇ ಕೆಲಸ ತಾನೆ? ಮನೆಯಲ್ಲೇ ಎತ್ತಿಟ್ಟ ಭತ್ತವನ್ನು ಬಿತ್ತುತ್ತಾ ಹೋದರೆ ಬೆರಕೆ ಸೇರುತ್ತೆ, ತೆನೆ ಒಂದೇ ಸಮ ಬರುವುದಿಲ್ಲ, ಮೂರು ವರ್ಷಕ್ಕೊಮ್ಮೆ ಬೀಜ ಬದಲಿಸಿ ಅಂತ ಇಲ್ಲಿನ ವಿಜ್ಞಾನಿಗಳು ಎಷ್ಟು ಸಲ ಹೇಳಿಲ್ಲ. ಕೆ.ಎಂ.ಆರ್. ಅಂತ ಶುರುವಾಗುವ ರಾಗಿ ತಳಿಗಳು ಇದೇ ಮಣ್ಣಿನಲ್ಲಿ ರೂಪುಗೊಂಡವು. ಹಳೆಯ ತಳಿ ಕೆಟ್ಟದ್ದೆಂದು ಯಾರೂ ಬಯ್ಯಲಿಲ್ಲ. ರೋಗ ಬದಲಾಯಿತು, ನೀರು ಬದಲಾಯಿತು, ಬೀಜವೂ ಬದಲಾಗಬೇಕಾಯಿತು.

ಈ ನೋಂದಣಿಯ ಹಿಂದೆ ಒಂದು ಹಳೆಯ ಜಗಳವೂ ಇದೆ, ತಿಳಿದಿರಲಿ. ಇಂಗ್ಲೆಂಡಿನಲ್ಲಿ 1887ರ ನಂತರ ನರ್ಸ್‌ಗಳಿಗೆ ನೋಂದಣಿ ಬೇಕು ಅಂತ ಒಂದು ಗುಂಪು ಹೋರಾಡಿದಾಗ ಅದನ್ನು ವಿರೋಧಿಸಿದವರು ಬೇರೆ ಯಾರೂ ಅಲ್ಲ, ನಮ್ಮ ಫ್ಲಾರೆನ್ಸ್ ನೈಟಿಂಗೇಲ್. ಪರೀಕ್ಷೆ ಪಾಸಾಗಿ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಆಕೆ ಎಂಥ ನರ್ಸ್ ಅಂತ ತಿಳಿಯುವುದಿಲ್ಲ ಅನ್ನುವುದು ಅವರ ಆಕ್ಷೇಪಣೆಯ ತಿರುಳು. ಲೋಕ ಅವರ ಮಾತು ಕೇಳಲಿಲ್ಲ. ನ್ಯೂಜಿಲೆಂಡ್ 1901ರಲ್ಲೇ ಕಾನೂನು ಮಾಡಿತು, ಪಕ್ಕದ ಮದ್ರಾಸಿನಲ್ಲಿ 1926ರಲ್ಲಿ ಬಂತು, ಇಡೀ ದೇಶಕ್ಕೆ 1947ರಲ್ಲಿ. ನೋಂದಣಿ ಬಂದದ್ದು ಸರಿಯೇ, ಇಲ್ಲದಿದ್ದರೆ ಬಿಳಿ ಕೋಟು ಹಾಕಿದವರೆಲ್ಲ ಸೂಜಿ ಹಿಡಿಯುತ್ತಿದ್ದರು. ಆದರೂ ನೈಟಿಂಗೇಲ್ ಕೇಳಿದ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಅಂತ ಇದ್ದರೆ ಅದು ಈ ನವೀಕರಣ ಮಾತ್ರ. ಅವರದೇ ಬ್ರಿಟನ್ನಿನಲ್ಲೂ ನವೀಕರಣಕ್ಕೆ 2016ರಿಂದ ಮೂರು ವರ್ಷಕ್ಕೊಮ್ಮೆ 450 ಗಂಟೆ ಕೆಲಸ ಮಾಡಿದ್ದನ್ನೂ 35 ಗಂಟೆ ಕಲಿತದ್ದನ್ನೂ ತೋರಿಸಬೇಕು.

ಇನ್ನು ಕಾಗದ ಪತ್ರದ ಮಾತು. ಅರ್ಜಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಡಿಪ್ಲೊಮಾದಲ್ಲಿ ಊರಿನ ಹೆಸರು ಸೇರಿಕೊಂಡಿರುತ್ತೆ. ನನ್ನ ಜೊತೆ ಕೆಲಸ ಮಾಡಿದವಳೊಬ್ಬಳು ಇದೇ ಕಾರಣಕ್ಕೆ ಆರು ತಿಂಗಳು ಅಲೆದಳು. ನೋಂದಣಿಯೆಲ್ಲ ಈಗ ಎನ್.ಆರ್.ಟಿ.ಎಸ್. ಅನ್ನುವ ರಾಷ್ಟ್ರೀಯ ವ್ಯವಸ್ಥೆಗೆ ಸೇರುತ್ತಿದೆ. ಅದು ಕೊಡುವ ಎನ್.ಯು.ಐ.ಡಿ. ಸಂಖ್ಯೆ ಆಧಾರ್‌ಗೇ ಜೋಡಣೆ. ಆದ್ದರಿಂದ ಎಸ್ಸೆಸ್ಸೆಲ್ಸಿ ಪಟ್ಟಿಯನ್ನು ಮುಂದಿಟ್ಟುಕೊಂಡು, ಒಂದೊಂದು ಅಕ್ಷರವನ್ನೂ ಹೋಲಿಸಿ ನೋಡಿ, ಆಧಾರನ್ನು ಮೊದಲು ಸರಿಮಾಡಿಸು. ಮೊಬೈಲ್ ನಂಬರ್ ಕೂಡ ನೋಡು. ನಿನ್ನ ಆಧಾರ್‌ಗೆ ನಿಮ್ಮಪ್ಪನ ಹಳೆಯ ಸಿಮ್ ಜೋಡಿಸಿದ್ದರೆ ಒ.ಟಿ.ಪಿ. ಎಲ್ಲಿಗೋ ಹೋಗುತ್ತೆ, ನೀನು ಇಲ್ಲಿ ಕಾಯುತ್ತಾ ಕೂರುತ್ತೀಯ. ಹಾಗೇ, 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಹೊಸ ಕಾಯಿದೆ ಆಗಿದೆ, ಹಳೆಯ ಪರಿಷತ್ತುಗಳ ಜಾಗಕ್ಕೆ ಆಯೋಗಗಳು ಬರಬೇಕು. ಯಾರೋ ಗೆಳತಿ ಎರಡು ವರ್ಷದ ಹಿಂದೆ ಹೇಳಿದ ಶುಲ್ಕ, ಹೇಳಿದ ಅರ್ಜಿ ನಮೂನೆ ನಂಬಬೇಡ. ಅರ್ಜಿ ಹಾಕುವ ದಿನ ಪರಿಷತ್ತಿನ ಜಾಲತಾಣವನ್ನೇ ನೋಡು.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ದುಡ್ಡು ಕೊಟ್ಟರೆ ಕೂತಲ್ಲಿಗೇ ಸಿ.ಎನ್.ಇ. ಸರ್ಟಿಫಿಕೇಟ್ ತಂದುಕೊಡುತ್ತೇನೆ ಅನ್ನುವ ದಲ್ಲಾಳಿ ಬಂದರೆ ಅಂಗಳದಿಂದಲೇ ಕಳಿಸು. ಪರಿಷತ್ತಿನ ಮಾನ್ಯತೆ ಇಲ್ಲದ ತರಗತಿಯ ಕಾಗದ ಲೆಕ್ಕಕ್ಕೆ ಬರುವುದಿಲ್ಲ ಅನ್ನುವುದು ಒಂದು. ಅದಕ್ಕಿಂತ ದೊಡ್ಡದು, ನೀನು ಕೂರದ ಆ ತರಗತಿಯಲ್ಲೇ ಮೂವತ್ತಕ್ಕೆ ಎರಡು ಅನ್ನುವುದನ್ನು ಹೇಳಿಕೊಟ್ಟಿರಬಹುದು. ನಾಳೆ ಇದೇ ಊರಿನವರು ಯಾರಾದರೂ ನಿನ್ನ ಕೈ ಕೆಳಗೆ ಮಲಗಿರುತ್ತಾರೆ ಕಣವ್ವ.

ಗಂಡ ಸೌದಿಗೋ ದುಬೈಗೋ ಹೋಗುವ ಯೋಚನೆಯಲ್ಲಿದ್ದಾನೆ ಅಂದೆಯಲ್ಲ. ನೀನೂ ಅಲ್ಲಿ ನರ್ಸ್ ಕೆಲಸಕ್ಕೆ ಹೋದರೆ ಇಲ್ಲಿನ ನೋಂದಣಿ ಚಾಲ್ತಿಯಲ್ಲಿದೆಯೇ ಅನ್ನುವುದನ್ನೂ ತಾಳೆ ನೋಡುತ್ತಾರೆ. ಬೇರೆ ರಾಜ್ಯಕ್ಕೆ ಹೋದರೂ ಅಲ್ಲಿನ ಪರಿಷತ್ತಿನಲ್ಲಿ ಹೆಸರು ಸೇರಿಸಬೇಕು, ಅದಕ್ಕೂ ಬೇರು ಇಲ್ಲೇ.

ಗಂಟೆಗಳನ್ನು ಎಲ್ಲಿ ತುಂಬಿಸುವುದು ಅಂತ ಕೇಳಬಹುದು. ಮಂಡ್ಯದ ಮಿಮ್ಸ್ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸು, ಬಿ.ಜಿ. ನಗರದ ಕಾಲೇಜಿನಲ್ಲಿ ಕೇಳು, ಮೈಸೂರಿನ ನರ್ಸಿಂಗ್ ಕಾಲೇಜುಗಳಿಗೆ ಫೋನ್ ಮಾಡು. ಮಾನ್ಯತೆ ಇದೆಯಾ, ಎಷ್ಟು ಗಂಟೆ ಲೆಕ್ಕ ಅನ್ನುವ ಎರಡು ಪ್ರಶ್ನೆ ಕೇಳಿಯೇ ಹೆಸರು ಕೊಡು. ತರಗತಿಯ ದಿನ ಮಗು ನನ್ನ ಹತ್ತಿರ ಇರಲಿ. ಮಧ್ಯಾಹ್ನ ಮೊಸರನ್ನ ತಿನ್ನಿಸಿ ಮಲಗಿಸುತ್ತೇನೆ, ನೀನು ಸಂಜೆ ಬಸ್ಸಿಗೆ ಬಂದರಾಯಿತು.

ಈ ಭಾನುವಾರ ಬಾ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಪ್ಲೊಮಾ, ಹಳೆಯ ನೋಂದಣಿ ಪತ್ರ, ಆಧಾರ್, ಇದುವರೆಗೆ ಕೂತ ತರಗತಿಗಳ ಸರ್ಟಿಫಿಕೇಟು, ಎಲ್ಲ ಒಂದೇ ಚೀಲದಲ್ಲಿ ತಾ. ಕನ್ನಡಕ ಒರೆಸಿ ಇಟ್ಟುಕೊಂಡಿರುತ್ತೇನೆ. ಇಬ್ಬರೂ ಜಗಲಿ ಮೇಲೆ ಕೂತು ಮೊದಲು ಹೆಸರಿನ ಅಕ್ಷರ ನೋಡೋಣ, ಆಮೇಲೆ ಎಷ್ಟು ಗಂಟೆ ಬಾಕಿ ಅಂತ ಎಣಿಸೋಣ.